ಸೆಟ್ಟಿಂಗ್ ಪ್ಲಾಸ್ಟರ್ ಬೇಕೋ, ಪಿಂಕ್ ಗ್ರೌಂಡ್ ಸಾಕೋ?

ಇಂಗ್ಲೆಂಡಿನ ಪೇಂಟ್ ಕಂಪನಿ ಫ್ಯಾರೋ ಅಂಡ್ ಬಾಲ್‌ನ ತಿಳಿ ಗುಲಾಬಿ ಗೋಡೆಬಣ್ಣಗಳನ್ನು ನೋಡುತ್ತ ಹೋದರೆ ಆಯ್ಕೆ ಕಡೆಗೆ ಈ ಎರಡಕ್ಕೇ ಬಂದು ನಿಲ್ಲುತ್ತದೆ: 231ನೇ ನಂಬರಿನ ಸೆಟ್ಟಿಂಗ್ ಪ್ಲಾಸ್ಟರ್, 202ನೇ ನಂಬರಿನ ಪಿಂಕ್ ಗ್ರೌಂಡ್. ಎರಡರಲ್ಲೂ ಹಳದಿ ಬೆರೆತಿದೆ. ಹಾಗಾಗಿ ಗೋಡೆ ಬೊಂಬಾಯಿ ಮಿಠಾಯಿಯಂತೆ ಕಾಣುವುದಿಲ್ಲ.

ಸೆಟ್ಟಿಂಗ್ ಪ್ಲಾಸ್ಟರ್‌ಗೆ ಹೆಸರು ಬಂದದ್ದು ಅಲ್ಲಿನ ಜಿಪ್ಸಂ ಗಿಲಾವಿನಿಂದ. ಆ ಗಿಲಾವು ಹಸಿಯಿದ್ದಾಗ ಕಂದು, ಒಣಗಿದ ಮೇಲೆ ಮಣ್ಣು ಸೋಕಿದ ಗುಲಾಬಿ. ತೊಂದರೆಯೂ ಅಲ್ಲೇ ಇದೆ: ಬಾಗಿಲ ಚೌಕಟ್ಟು, ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಬಣ್ಣ ಅಚ್ಚುಕಟ್ಟಾಗಿ ಮುಗಿಯದಿದ್ದರೆ ಗೋಡೆಗೆ ಇನ್ನೂ ಬಣ್ಣವೇ ಹೊಡೆದಿಲ್ಲವೇನೋ ಎನಿಸುತ್ತದೆ. ಪಿಂಕ್ ಗ್ರೌಂಡ್ ಇದಕ್ಕಿಂತ ಬಹಳ ತಿಳಿ, ಕೆನೆಗೆ ಹತ್ತಿರ.

ಸ್ಯಾಂಪಲ್ಲನ್ನು ಹಳೇ ಗೋಡೆಗೆ ಬಳಿಯಬೇಡಿ, ಹಿಂದಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ದಪ್ಪ ಎ4 ಹಾಳೆಗೆ ಎರಡು ಕೋಟು ಹೊಡೆದು, ಒಣಗಿದ ಮೇಲೆ ಪುಸ್ತಕದಂತೆ ಅರ್ಧಕ್ಕೆ ಮಡಚಿ ಮೂಲೆಗೆ ಒರಗಿಸಿ. ಮಡಿಕೆಯ ಒಳಗೆ ಬಣ್ಣ ಗಾಢವಾಗುವುದು ಎದ್ದು ಕಾಣುತ್ತದೆ, ಏಕೆಂದರೆ ಒಂದು ಮೈಯ ಗುಲಾಬಿ ಇನ್ನೊಂದರ ಮೇಲೆ ಬೀಳುತ್ತದೆ. ನಾಲ್ಕು ಗೋಡೆ ಸೇರಿದಾಗಲೂ ಆಗುವುದು ಇದೇ. ಅಂಗಡಿಯ ಬಣ್ಣದ ಚೀಟಿಯಷ್ಟೇ ನೋಡಿ ಸೆಟ್ಟಿಂಗ್ ಪ್ಲಾಸ್ಟರ್ ಆರಿಸಿದವರಿಗೆ ಆಮೇಲೆ ಕೋಣೆ ಭಾರ ಎನಿಸಲು ಇದೇ ಕಾರಣ.

ಉತ್ತರದ ಕಿಟಕಿಯ ನೀಲಿ ಬೆಳಕಲ್ಲಿ ಪಿಂಕ್ ಗ್ರೌಂಡ್ ಸಪ್ಪೆಯಾಗುತ್ತದೆ. ಸೆಟ್ಟಿಂಗ್ ಪ್ಲಾಸ್ಟರ್ ಕೊಂಚ ಕಂದಿದರೂ ಗುಲಾಬಿಯಾಗಿಯೇ ಉಳಿಯುತ್ತದೆ. ದಕ್ಷಿಣದ ಬಿಸಿಲಿಗೆ ಪಿಂಕ್ ಗ್ರೌಂಡ್ ಮಧ್ಯಾಹ್ನ ಬಿಳಿಚಿಕೊಂಡು ಸಂಜೆಗೆ ಮತ್ತೆ ಅರಳುತ್ತದೆ. ಸೆಟ್ಟಿಂಗ್ ಪ್ಲಾಸ್ಟರ್ ಏಪ್ರಿಕಾಟ್ ಹಣ್ಣಿನ ತಿಳಿ ಕಿತ್ತಳೆ ಕಡೆ ವಾಲುತ್ತದೆ. ಹಳದಿ ಬೆಳಕಿನ 2700 ಕೆಲ್ವಿನ್ ಬಲ್ಬಿನಡಿ ಅದು ಇನ್ನಷ್ಟು ಕೆಂಪು. ಮಲಗುವ ಕೋಣೆಗೆ, ಬೆಳಕು ಚೆನ್ನಾಗಿದ್ದರೆ, ಪಿಂಕ್ ಗ್ರೌಂಡೇ ಸರಿ. ಮಬ್ಬು ಕೋಣೆಗೆ, ಹೆಚ್ಚಾಗಿ ಸಂಜೆಯೇ ಬಳಸುವ ಊಟದ ಮನೆಗೆ ಸೆಟ್ಟಿಂಗ್ ಪ್ಲಾಸ್ಟರ್.

ಚೌಕಟ್ಟಿಗೆ ನೀಲಿ ಛಾಯೆಯ ಬಿಳಿ ಬೇಡ, ಪಕ್ಕದ ಗುಲಾಬಿ ಕೊಳಕಾಗಿ ಕಾಣುತ್ತದೆ. ಅದೇ ಕಂಪನಿಯ ಬೆಚ್ಚನೆಯ ಬಿಳಿಗಳಾದ ಪಾಯಿಂಟಿಂಗ್ ಅಥವಾ ವಿಂಬೋರ್ನ್ ವೈಟ್ ಹೊಂದುತ್ತದೆ. ಬೇರೆ ಕಂಪನಿಯ ಡಬ್ಬಿಯಲ್ಲಿ ಇದೇ ಬಣ್ಣ ಮಿಕ್ಸ್ ಮಾಡಿಸಿದರೆ ಹಗಲಲ್ಲಿ ಹೊಂದಿದ್ದು ದೀಪದಡಿ ಬೇರೆಯಾಗಬಹುದು, ಏಕೆಂದರೆ ಅದರ ಪಿಗ್ಮೆಂಟುಗಳು (ಬಣ್ಣ ಕೊಡುವ ಪುಡಿಗಳು) ಬೇರೆಯಿರುತ್ತವೆ.

4 ಮೀಟರ್ ಉದ್ದ, 3.5 ಮೀಟರ್ ಅಗಲ, 2.4 ಮೀಟರ್ ಎತ್ತರದ ಕೋಣೆಗೆ ಬಾಗಿಲು, ಕಿಟಕಿ ಕಳೆದು ಸುಮಾರು 32 ಚದರ ಮೀಟರ್ ಗೋಡೆ. ಲೀಟರಿಗೆ 13 ಚದರ ಮೀಟರ್ ಹಿಡಿದರೆ ಎರಡು ಕೋಟು ಹೊಡೆಯಲು 2.5 ಲೀಟರಿನ ಎರಡು ಡಬ್ಬಿ. ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿಕೊಳ್ಳಿ, ಇಲ್ಲದಿದ್ದರೆ ಡಬ್ಬಿ ಬದಲಾದ ಕಡೆ ಗೆರೆ ಬೀಳಬಹುದು.