ಟೈಟಾನಿಯಮ್ಮೋ ಸ್ಟೇನ್‌ಲೆಸ್ಸೋ: ಬಳ್ಳಾರಿ ಬಿಸಿಲಿನಲ್ಲಿ ಎರಡು ಸೈಲೆನ್ಸರ್‌ಗಳು

ನನ್ನ 373 ಸಿಸಿಯ ಬೈಕಿಗೆ ಕಳೆದ ಎರಡು ವರ್ಷಗಳಲ್ಲಿ ಎರಡು ಸೈಲೆನ್ಸರ್‌ಗಳನ್ನು ಅದಲುಬದಲು ಮಾಡಿ ಓಡಿಸಿದ್ದೇನೆ. ಒಂದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು, ಹೊಸದಾಗಿ ಕೊಂಡದ್ದು. ಇನ್ನೊಂದು ಟೈಟಾನಿಯಮ್ಮಿನದು, ಬೆಂಗಳೂರಿನಲ್ಲಿರುವ ನಮ್ಮ ಸೋದರಮಾವನ ಮಗ ತನ್ನ ಬೈಕನ್ನು ಮಾರುವಾಗ ನನಗೆ ಅರ್ಧ ಬೆಲೆಗೆ ಬಿಟ್ಟುಕೊಟ್ಟದ್ದು. ಆ ಅರ್ಧ ಬೆಲೆಯೂ ಸ್ಟೇನ್‌ಲೆಸ್ಸಿನ ಪೂರ್ತಿ ಬೆಲೆಗಿಂತ ಸ್ವಲ್ಪ ಹೆಚ್ಚೇ ಆಯಿತು. ನನ್ನ ಓಡಾಟ ಬಹುಪಾಲು ಬಳ್ಳಾರಿಯಿಂದ ತೋರಣಗಲ್ಲು, ಹೊಸಪೇಟೆ ದಾಟಿ ಕೊಪ್ಪಳಕ್ಕೆ ಹೋಗುವ 67ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ. ಆಗಾಗ ಅದಿರು ಲಾರಿಗಳ ಹಿಂದೆ ಧೂಳು ಕುಡಿಯುತ್ತ ಸಂಡೂರಿನ ಕಡೆಗೆ.

ಟೈಟಾನಿಯಮ್ಮನ್ನು ಹೊಗಳುವವರು ಮೊದಲು ಎತ್ತುವ ಮಾತು ತೂಕದ್ದು. ಪರಿಚಯದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದಾಗ ಸ್ಟೇನ್‌ಲೆಸ್ 2 ಕಿಲೋ 900 ಗ್ರಾಂ, ಟೈಟಾನಿಯಮ್ 1 ಕಿಲೋ 850 ಗ್ರಾಂ ತೂಗಿದವು. ಘನ ಸೆಂಟಿಮೀಟರಿಗೆ ಟೈಟಾನಿಯಮ್ ಸುಮಾರು 4.5 ಗ್ರಾಂ, ಸ್ಟೇನ್‌ಲೆಸ್ ಸುಮಾರು 8 ಗ್ರಾಂ ತೂಗುವುದರಿಂದ ವ್ಯತ್ಯಾಸ ಇನ್ನೂ ಹೆಚ್ಚಿರಬೇಕಿತ್ತು ಎನಿಸಬಹುದು. ಕಾರಣ ಸರಳವಾಗಿದೆ: ಟೈಟಾನಿಯಮ್ ಎಂದು ಮಾರುವ ಬಹಳಷ್ಟು ಸೈಲೆನ್ಸರ್‌ಗಳಲ್ಲಿ ಹೊರಗಿನ ಕವಚ ಮಾತ್ರ ಟೈಟಾನಿಯಮ್, ಒಳಗಿನ ತೂತುಗಳ ಕೊಳವೆಯೂ ಎಂಜಿನ್ನಿನ ಕಡೆಯ ಜೋಡಣೆಯ ಪೈಪೂ ಸ್ಟೇನ್‌ಲೆಸ್ಸೇ. ನನ್ನದೂ ಹಾಗೆಯೇ ಇತ್ತು. ಹೀಗೆ ಕಡಿಮೆಯಾದ ಒಂದು ಕಿಲೋ ಸವಾರಿಯಲ್ಲಿ ಗೊತ್ತಾಯಿತೇ ಎಂದು ಕೇಳಿದರೆ, ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಲ್ಲ. ಟ್ಯಾಂಕಿಗೆ ಪೆಟ್ರೋಲು ತುಂಬಿಸಿದ ದಿನ ಇದಕ್ಕಿಂತ ಹತ್ತು ಪಟ್ಟು ತೂಕ ಏರಿರುತ್ತದೆ.

ಇದೇ ಪ್ರಶ್ನೆ ಬಂದೂಕಿನ ಸೈಲೆನ್ಸರ್‌ಗಳ ವಿಷಯದಲ್ಲೂ ಇದೆ, ಮತ್ತು ಅಲ್ಲಿ ಅದಕ್ಕೆ ಹೆಚ್ಚಿನ ಅರ್ಥವಿದೆ. ಎರಡೂ ಒಂದೇ ವಂಶದವು: ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದವನು, ಎಂಜಿನ್ನುಗಳ ಸೈಲೆನ್ಸರ್‌ಗಳನ್ನೂ ತಯಾರಿಸಿದ. ನಮ್ಮ ದೇಶದಲ್ಲಿ ಬಂದೂಕಿನದು ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿರುವುದರಿಂದ ಅದರ ಬಗ್ಗೆ ಓದಿ ತಿಳಿದದ್ದಷ್ಟೇ. ಉದ್ದನೆಯ ನಳಿಗೆಯ ತುದಿಯಲ್ಲಿ ಕಾಲು ಕಿಲೋ ಕಡಿಮೆಯಾದರೂ ಗುರಿ ಹಿಡಿದ ತೋಳಿಗೆ ಅದು ತಿಳಿಯುತ್ತದೆ, ಆದ್ದರಿಂದ ನಡೆದಾಡಿ ಬೇಟೆಯಾಡುವವರು ಟೈಟಾನಿಯಮ್ ಬಯಸುತ್ತಾರೆ. ಆದರೆ ಬಿಡುವಿಲ್ಲದೆ ಗುಂಡು ಹಾರಿಸಿದರೆ ಆ ಲೋಹ ಕಾದು ಬಲ ಕಳೆದುಕೊಳ್ಳುತ್ತದೆ, ಬಿಳಿಯ ಕಿಡಿಗಳನ್ನೂ ಉಗುಳುತ್ತದೆ. ಅಂಥ ಬಳಕೆಗೆ ಸ್ಟೇನ್‌ಲೆಸ್ ಅಥವಾ ನಿಕ್ಕಲಿನ ಮಿಶ್ರಲೋಹವೇ ಬೇಕು. ಬೈಕಿನಲ್ಲಿ ಹಿಂಬದಿಯ ಸೈಲೆನ್ಸರ್ ಅಷ್ಟು ಕಾಯುವುದಿಲ್ಲ, ತೋಳಿನ ಮೇಲೆ ತೂಗುವುದೂ ಇಲ್ಲ. ಅಂದರೆ ಒಂದು ಲೋಹದ ದೊಡ್ಡ ಗುಣವೂ ಇನ್ನೊಂದರ ದೊಡ್ಡ ಗುಣವೂ ಬೈಕಿಗೆ ಬರುವಷ್ಟರಲ್ಲಿ ಅರ್ಧ ಮಾಸಿಹೋಗಿರುತ್ತವೆ.

ಟೈಟಾನಿಯಮ್ ನಿಜವಾಗಿ ಗೆದ್ದದ್ದು ಆರುವುದರಲ್ಲಿ. ತೂಕ ಕಡಿಮೆಯಾದ್ದರಿಂದ ಅದರಲ್ಲಿ ಉಳಿಯುವ ಶಾಖವೂ ಕಡಿಮೆ. ಮೇ ತಿಂಗಳ ಮಧ್ಯಾಹ್ನ ಹೊಸಪೇಟೆಯಲ್ಲಿ ಬೈಕು ನಿಲ್ಲಿಸಿ, ಒಗ್ಗರಣೆ ಮಂಡಕ್ಕಿಯ ಜೊತೆ ಎರಡು ಮಿರ್ಚಿ ತಿಂದು ಚಹಾ ಕುಡಿದು ಬರುವಷ್ಟರಲ್ಲಿ ಟೈಟಾನಿಯಮ್ಮಿನ ಕವಚವನ್ನು ಬೆರಳಿನಿಂದ ಮುಟ್ಟಬಹುದಾಗಿತ್ತು. ಅದೇ ಜಾಗ, ಅದೇ ಹೊತ್ತು, ಸ್ಟೇನ್‌ಲೆಸ್ ಇದ್ದ ದಿನ ಕೈ ಹಿಂದಕ್ಕೆ ಎಳೆದುಕೊಂಡೆ. ಪಕ್ಕಕ್ಕೆ ಬ್ಯಾಗು ತೂಗುಹಾಕುವವರಿಗೆ, ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಇದು ಸಣ್ಣ ಅನುಕೂಲವಲ್ಲ.

ತುಕ್ಕಿನ ವಿಷಯದಲ್ಲಿ ಟೈಟಾನಿಯಮ್ಮಿಗೆ ಸಾಟಿಯಿಲ್ಲ ಎನ್ನುತ್ತಾರೆ. ಅದು ಸಮುದ್ರ ತೀರದವರ ಚಿಂತೆ. ನಮ್ಮ ಒಣಹವೆಯಲ್ಲಿ 304 ಕೂಡ ಏನೂ ಆಗದೆ ಉಳಿಯುತ್ತದೆ.

ನನ್ನ ತೀರ್ಮಾನವನ್ನು ನಿರ್ಧರಿಸಿದ್ದು ರಿಪೇರಿ. ಕಳೆದ ಬೇಸಿಗೆಯಲ್ಲಿ ಟೈಟಾನಿಯಮ್ ಸೈಲೆನ್ಸರಿನ ತೂಗುಪಟ್ಟಿ ಬೆಸುಗೆಯ ಅಂಚಿನಲ್ಲಿ ಸೀಳಿತು. ಒಂಟಿ ಸಿಲಿಂಡರಿನ ಎಂಜಿನ್ನಿನ ನಡುಕ, ಬಿಸಿಲಿಗೆ ಗಟ್ಟಿಯಾಗಿಹೋಗಿದ್ದ ರಬ್ಬರ್ ಬುಷ್, ಇವೆರಡೂ ಸೇರಿ ಮಾಡಿದ ಕೆಲಸವದು. ಸ್ಟೀಲ್ ರೇಲಿಂಗ್, ಹೋಟೆಲಿನ ಪಾತ್ರೆಗಳಿಗೆ ಆರ್ಗಾನ್ ವೆಲ್ಡಿಂಗ್ ಮಾಡುವ ಒಬ್ಬರ ಬಳಿಗೆ ಒಯ್ದೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ, “ಅಣ್ಣಾ, ಇದು ನಮ್ಮ ಕೈಲಿ ಆಗೋ ಕೆಲಸ ಅಲ್ಲ” ಎಂದರು. ಹಟ ಹಿಡಿದವನು ನಾನು. ಬೆಸುಗೆ ನೀಲಿಗೆ ತಿರುಗಿ, ನಡುವೆ ಬೂದಿಯಂಥ ಬಿಳಿ ಪುಡಿ ಕಟ್ಟಿತು. ಒಂದೇ ವಾರದಲ್ಲಿ, ಗಿಣಿಗೇರಾ ತಲುಪುವ ಮೊದಲೇ, ಮತ್ತೆ ಸೀಳಿತು. ತಂತಿಯಿಂದ ಬಿಗಿದುಕೊಂಡು ಕೊಪ್ಪಳದವರೆಗೆ ಹೋದೆ.

ಆಮೇಲೆ ತಿಳಿದುಕೊಂಡ ಕಾರಣ ಇದು. ಸುಮಾರು 400 ಡಿಗ್ರಿ ದಾಟಿದ ಮೇಲೆ ಟೈಟಾನಿಯಮ್ ಗಾಳಿಯ ಆಮ್ಲಜನಕವನ್ನೂ ಸಾರಜನಕವನ್ನೂ ಹೀರಿಕೊಂಡು ಗಾಜಿನಂತೆ ಬಿರುಸಾಗುತ್ತದೆ. ಆದ್ದರಿಂದ ಗಾಳಿಯನ್ನು ದೂರವಿಡುವ ಆರ್ಗಾನ್ ಅನಿಲವನ್ನು ಬೆಸೆಯುವ ಚುಕ್ಕೆಯ ಮೇಲಷ್ಟೇ ಹಾಯಿಸಿದರೆ ಸಾಲದು. ಹಿಂಬದಿಗೂ ಹಾಯಿಸಬೇಕು, ಬೆಸುಗೆ ತಣಿಯುವ ತನಕ ಅದರ ಮೇಲೆ ಅನಿಲದ ಹೊದಿಕೆ ಇರಬೇಕು. ಬಣ್ಣವೇ ಫಲಿತಾಂಶ ಹೇಳಿಬಿಡುತ್ತದೆ: ಬೆಳ್ಳಿಯಂತೆ ಹೊಳೆದರೆ ಸರಿ, ಒಣಹುಲ್ಲಿನ ಬಣ್ಣವಾದರೆ ನಡೆಯುತ್ತದೆ, ಗಾಢ ನೀಲಿಯಾದರೆ ಅನುಮಾನ, ಬಿಳಿಪುಡಿಯಾದರೆ ಕಿತ್ತೆಸೆಯಬೇಕು. ಕಡೆಗೆ ಅದು ಬೆಂಗಳೂರಿಗೆ ಹೋಗಿ ಬರಲು ಹದಿನೆಂಟು ದಿನ ಹಿಡಿಯಿತು.

ಸ್ಟೇನ್‌ಲೆಸ್ಸಿಗೂ ಪೆಟ್ಟು ಬೀಳದೆ ಇರಲಿಲ್ಲ. ಸಂಡೂರಿನ ರಸ್ತೆಬದಿಯಲ್ಲಿ ಬೈಕು ಬಲಕ್ಕೆ ಮಗುಚಿಕೊಂಡಾಗ ಅದರ ಪಟ್ಟಿ ಬಾಗಿ ಬಿಟ್ಟುಕೊಂಡಿತು. ಅದೇ ವೆಲ್ಡರ್ ಇಪ್ಪತ್ತು ನಿಮಿಷದಲ್ಲಿ ನೆಟ್ಟಗೆ ಮಾಡಿ ಬೆಸೆದು ಕೊಟ್ಟರು, 150 ರೂಪಾಯಿ ತೆಗೆದುಕೊಂಡರು. ಮಳೆಗಾಲದಲ್ಲಿ ಆ ಜಾಗದಲ್ಲಿ ತುಕ್ಕಿನ ಚುಕ್ಕೆಗಳು ಕಂಡಾಗ ಲೋಹವೇ ಕಳಪೆ ಎಂದು ಗಾಬರಿಯಾಗಿದ್ದೆ. ಕಬ್ಬಿಣದ ಗೇಟುಗಳನ್ನು ಉಜ್ಜಿದ ತಂತಿ ಬ್ರಷ್ಷಿನಿಂದಲೇ ಇದನ್ನೂ ಉಜ್ಜಿದ್ದರಿಂದ ಕಬ್ಬಿಣದ ಕಣಗಳು ಅಂಟಿ ತುಕ್ಕು ಹಿಡಿದಿದ್ದವು, ಅಷ್ಟೆ. ಬೇರೆ ಬ್ರಷ್ಷು ಕೊಂಡು ಉಜ್ಜಿದ ಮೇಲೆ ಹೋಯಿತು.

ಟೈಟಾನಿಯಮ್ ಉಕ್ಕಿಗಿಂತ ಗಟ್ಟಿ ಎಂಬ ಮಾತನ್ನೂ ಎಚ್ಚರಿಕೆಯಿಂದ ಕೇಳಬೇಕು. ತೂಕಕ್ಕೆ ತೂಕ ಹೋಲಿಸಿದರೆ ಮಿಶ್ರಲೋಹದ ಟೈಟಾನಿಯಮ್ ಗಟ್ಟಿ, ನಿಜ. ಆದರೆ ತೆಳು ಹಾಳೆಯಾಗಿ ಬಳಸುವ ಶುದ್ಧ ಟೈಟಾನಿಯಮ್ಮಿನ ಬಿಗುವು ಸ್ಟೇನ್‌ಲೆಸ್ಸಿನ ಅರ್ಧದಷ್ಟು ಮಾತ್ರ. ಅದಿರು ಲಾರಿಯಿಂದ ಉದುರಿದ ಒಂದು ಕಲ್ಲು ಚಿಮ್ಮಿ ಬಡಿದ ತಗ್ಗು ನನ್ನ ಕವಚದ ಮೇಲೆ ಇಂದಿಗೂ ಇದೆ.

ಸದ್ದಿನಲ್ಲಿ ಲೋಹದ ಪಾತ್ರ ಜನ ಅಂದುಕೊಂಡಷ್ಟಿಲ್ಲ. ಒಳಗಿನ ಗಾಜಿನ ಉಣ್ಣೆ, ಕೊಳವೆಯ ತೂತುಗಳು, ಡಬ್ಬಿಯ ಗಾತ್ರ, ಇವೇ ಸದ್ದನ್ನು ತೀರ್ಮಾನಿಸುತ್ತವೆ. ತೆಳು ಟೈಟಾನಿಯಮ್ ಒಂದು ವೇಗದಲ್ಲಿ ತಗಡಿನಂತೆ ಝೇಂಕರಿಸುತ್ತಿತ್ತು. ಉಣ್ಣೆ ಬದಲಿಸಿದ ಮೇಲೆ ಅದೂ ತಗ್ಗಿತು. ಸದ್ದು ತಗ್ಗಿಸುವ ಒಳತುಂಡನ್ನು ನಾನು ಎರಡರಲ್ಲೂ ಎಂದೂ ತೆಗೆದಿಲ್ಲ. ಹೊಸ ಬೈಕುಗಳಲ್ಲಿ 175 ಸಿಸಿಗಿಂತ ದೊಡ್ಡವಕ್ಕೆ ನಿಗದಿಯಾಗಿರುವ ಮಿತಿ 80 ಡೆಸಿಬೆಲ್; ಶಬ್ದದ ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಂತೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹಾಯಿಸುವಾಗ ಯಾವುದು ಯಾವ ಲೋಹ ಎಂದು ಕೇಳುವುದಿಲ್ಲ.

ಕೊಳ್ಳುವವರಿಗೆ ಎರಡು ಮಾತು. ನೀಲಿ ನೇರಳೆ ಬಣ್ಣ ಕಂಡ ಮಾತ್ರಕ್ಕೆ ಟೈಟಾನಿಯಮ್ ಎಂದು ನಂಬಬೇಡಿ, ಸ್ಟೇನ್‌ಲೆಸ್ಸನ್ನು ಸುಟ್ಟೂ ಆ ಬಣ್ಣ ಬರಿಸುತ್ತಾರೆ. ಕೈಯಲ್ಲಿ ಎತ್ತಿ ನೋಡಿ. ಅಯಸ್ಕಾಂತ ಹಿಡಿಯಲಿಲ್ಲವೆಂದು 304 ಎಂದೂ ನಂಬಬೇಡಿ, ಅಗ್ಗದ ಪಾತ್ರೆಗಳಿಗೆ ಬಳಸುವ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳಿ.

ಈಗ ಬೈಕಿನಲ್ಲಿರುವುದು ಸ್ಟೇನ್‌ಲೆಸ್. ಟೈಟಾನಿಯಮ್ಮನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಬೆಂಗಳೂರಿನಲ್ಲಿ ಮನೆ ಮಾಡಿದರೆ ಮತ್ತೆ ಹಾಕುತ್ತೇನೆ.