ವಾಟ್ಸಾಪ್ ಕಮ್ಯುನಿಟಿ ಕಾರ್ಖಾನೆಗೆ: ಮಾತು ಇಳೀತದ, ಏರೂದಿಲ್ಲ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ (ಲೋಹ ಎರಕದ ಕಾರ್ಖಾನೆ) ಇರಲಿ, ಮಚ್ಛೆ, ಹೊನಗಾ ಕಡೆಯ ಮಷೀನ್ ಶಾಪ್ ಇರಲಿ, ಆಫೀಸಿನ ಮಾತು ಕಾಮಗಾರರಿಗೆ ಮುಟ್ಟುವ ದಾರಿ ಈಗ ಹೆಚ್ಚಾಗಿ ವಾಟ್ಸಾಪ್. ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಕೇಳುವ ಎಚ್‌ಆರ್ ಆ್ಯಪ್‌ಗಳು ನೂರು, ನೂರೈವತ್ತು ಜನರ ಘಟಕಕ್ಕೆ ಬೇಕಿಲ್ಲ. ಪಾಸ್‌ವರ್ಡ್ ಮರೆತವರ ಸಾಲು ಹಾಜರಿ ನೋಡುವ ಟೈಮ್ ಆಫೀಸ್ ಮುಂದೆ ನಿಂತಲ್ಲಿಗೆ ಅವುಗಳ ಕಥೆ ಮುಗಿಯುತ್ತದೆ. ವಾಟ್ಸಾಪ್ ಮೊದಲೇ ಫೋನಿನಲ್ಲಿದೆ, ದುಡ್ಡೂ ಇಲ್ಲ. ಹಾಗಾಗಿ 2022ರ ನವೆಂಬರ್‌ನಲ್ಲಿ ಬಂದ, ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ತರುವ ಅದರ ‘ಕಮ್ಯುನಿಟಿ’ ಸೌಲಭ್ಯ ಮೂರು ಪಾಳಿಯ ಕಾರ್ಖಾನೆಗೆ ಎಷ್ಟು ಒಗ್ಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಸಾದಾ ಗ್ರೂಪಿನಲ್ಲಿ 1024 ಜನ ಹಿಡಿಸುತ್ತಾರೆ, ಜಾಗದ ಕೊರತೆ ಇಲ್ಲ. ತೊಂದರೆ ಎಲ್ಲರೂ ಬರೆಯುವುದರಿಂದ. ಗುಡ್ ಮಾರ್ನಿಂಗ್ ಹೂವು, ಜಾತ್ರೆಯ ಬ್ಯಾನರ್, ಹುಟ್ಟುಹಬ್ಬದ ಕೇಕು, ಇವುಗಳ ಅಡಿಯಲ್ಲಿ ಪಾಳಿ ಬದಲಾದ ಸುದ್ದಿ ಸಿಕ್ಕಿಕೊಂಡು ಬಿಡುತ್ತದೆ. ಕಮ್ಯುನಿಟಿಯಲ್ಲಿ ಮೇಲೊಂದು ಪ್ರಕಟಣೆ ಗ್ರೂಪ್ ತಾನಾಗಿ ಹುಟ್ಟುತ್ತದೆ, ಅಲ್ಲಿ ಪ್ರಕಟಣೆ ಹಾಕುವವರು ಅಡ್ಮಿನ್‌ಗಳು ಮಾತ್ರ. ಕೆಳಗೆ ಮೋಲ್ಡಿಂಗ್ (ಅಚ್ಚು ಮಾಡುವುದು), ಕೋರ್ ಶಾಪ್ (ಅಚ್ಚಿನೊಳಗಿನ ತಿರುಳು ಮಾಡುವಲ್ಲಿ), ಫೆಟ್ಲಿಂಗ್ (ಎರಕದ ಅಂಚು ತಿಕ್ಕುವುದು), ಮೇಂಟೆನನ್ಸ್ ಎಂದು ವಿಭಾಗಕ್ಕೊಂದು ಗ್ರೂಪ್. ಪ್ರಕಟಣೆ ಗ್ರೂಪಿನಲ್ಲಿ ಸದಸ್ಯರ ನಂಬರ್ ಇತರ ಸದಸ್ಯರಿಗೆ ಕಾಣುವುದಿಲ್ಲ. ಕೋರ್ ಶಾಪ್, ಇನ್‌ಸ್ಪೆಕ್ಷನ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಕೆಳಗಿನ ಗ್ರೂಪುಗಳಲ್ಲಿ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳನ್ನು ಪ್ರಕಟಣೆ ಗ್ರೂಪಿಗೆ ಮಾತ್ರ ಸೇರಿಸಿ, ವಿಭಾಗದ ಗ್ರೂಪಿಗೆ ಬರುವುದು ಬಿಡುವುದು ಅವರಿಗೇ ಬಿಡುವುದು ಒಳ್ಳೆಯದು.

ಕಮ್ಯುನಿಟಿಯನ್ನು ಎಚ್‌ಆರ್ ಸಾಹೇಬರ ಸ್ವಂತ ನಂಬರಿನಿಂದ ತೆರೆಯಬೇಡಿ. ಕಂಪನಿ ಹೆಸರಿನ ಸಿಮ್ ಹಾಕಿ, ಆ ಫೋನ್ ಟೈಮ್ ಆಫೀಸಿನಲ್ಲೇ ಇರಲಿ, ಅಡ್ಮಿನ್ ಮೂವರಿರಲಿ. ಸೇರಿಸುವ ಮೊದಲು ಒಪ್ಪಿಗೆ ಕೇಳಿ, ನಂಬರ್ ಪಟ್ಟಿಯನ್ನು ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ. ಕೆಲಸ ಬಿಟ್ಟವರನ್ನು ಫೈನಲ್ ಸೆಟಲ್‌ಮೆಂಟ್ ದಿನವೇ ತೆಗೆಯಿರಿ. ಇದೊಂದು ತಪ್ಪಿದರೆ ನಿಮ್ಮ ಉತ್ಪಾದನೆಯ ಲೆಕ್ಕ ಪಕ್ಕದ ಶೆಡ್‌ನಲ್ಲೂ ಓದಲು ಸಿಗುತ್ತದೆ. ಹೊಸದಾಗಿ ಸೇರಿದವರಿಗೆ ಹಳೆಯ ಸಂದೇಶ ತಾನಾಗಿ ಕಾಣುವುದಿಲ್ಲ. ರಜೆ ಪಟ್ಟಿ, ಪಾಳಿ ಪಟ್ಟಿಯನ್ನು ಅವರಿಗೆ ಮತ್ತೆ ಕಳಿಸಬೇಕು.

ಸಂದೇಶ ಬರೆಯುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ‘ಎಲ್ಲ ನೌಕರರಿಗೆ ತಿಳಿಯಪಡಿಸುವುದೇನೆಂದರೆ’ ಎಂದು ಸುರುವಾದರೆ ಮೂರನೇ ಸಾಲಿಗೆ ಯಾರೂ ಹೋಗುವುದಿಲ್ಲ. ಏನು, ಯಾರಿಗೆ, ಯಾವಾಗ, ಯಾಕೆ, ಯಾರನ್ನು ಕೇಳಬೇಕು, ಇಷ್ಟು ಸಾಕು:

‘ನಾಳೆ ಬುಧವಾರ ಎರಡನೇ ಪಾಳಿ 3ರ ಬದಲಿ 4ಕ್ಕ ಸುರು. ಮೋಲ್ಡಿಂಗ್, ಮೆಲ್ಟಿಂಗ್‌ಗೆ ಮಾತ್ರ. ಹೆಸ್ಕಾಂ ಲೈನ್ ಕೆಲಸ ಐತಿ, ಭಟ್ಟಿ ತಡಾ ಹಚ್ಚಬೇಕು. ಒಂದು ತಾಸಿನ ಪಗಾರ ಕಟ್ ಆಗೂದಿಲ್ಲ. ಕೇಳೂದಿದ್ರ ಟೈಮ್ ಆಫೀಸ್.’

ನಾಲ್ಕನೇ ಸಾಲು ಬಿಟ್ಟು ನೋಡಿ. ಮರುದಿನ ಬೆಳಗಿನಿಂದ ಅದೊಂದೇ ಪ್ರಶ್ನೆ ಹತ್ತು ಬಾಯಲ್ಲಿ ಬರುತ್ತದೆ, ‘ಸಾಹೇಬ್ರ, ಪಗಾರ ಹಿಡೀತಾರೇನ್ರಿ?’ ಎಂದು. ಸಮಯ ಬದಲಾಯಿತೆಂದರೆ ದುಡ್ಡಿನ ಮಾತು ಕೇಳುವ ಮೊದಲೇ ಹೇಳಿಬಿಡಬೇಕು.

ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡೂ ಬೇಕೇ ಬೇಕು. ಬಿಹಾರ, ಒಡಿಶಾ ಕಡೆಯವರಿದ್ದರೆ ಹಿಂದಿಯೂ. ಒಂದೇ ಸಂದೇಶದಲ್ಲಿ ಮೂರು ಭಾಷೆ ತುರುಕಿದರೆ ಅರ್ಧ ಜನ ‘ಇದು ನಮಗಲ್ಲ’ ಎಂದು ಮುಂದೆ ಹೋಗುತ್ತಾರೆ. ಭಾಷೆಗೊಂದು ಧ್ವನಿ ಸಂದೇಶ ಮಾಡಿ, ಮುಕ್ಕಾಲು ನಿಮಿಷ ದಾಟದಂತೆ, ಪರಿಚಯದ ದನಿಯಲ್ಲಿ. ಫೆಟ್ಲಿಂಗ್ ಫೋರ್‌ಮನ್‌ನ ಗೊಗ್ಗರು ದನಿಯನ್ನು ಜನ ಕೇಳುತ್ತಾರೆ, ಕಂಪ್ಯೂಟರಿನ ನಯವಾದ ದನಿಯನ್ನಲ್ಲ.

ದೊಡ್ಡ ಅಪಾಯ ಪಗಾರ ಪಟ್ಟಿಯದು. ಎಲ್ಲರ ಪಗಾರದ ಪಿಡಿಎಫ್ ಒಬ್ಬರಿಗೆ ಕಳಿಸುವ ಬದಲು ಗ್ರೂಪಿಗೆ ಬಿದ್ದರೆ ‘ಎಲ್ಲರಿಗೂ ಅಳಿಸು’ ಒತ್ತಬಹುದು. ಆದರೆ ಅಷ್ಟರಲ್ಲಿ ಡೌನ್‌ಲೋಡ್ ಆದ ಫೋನ್‌ಗಳಲ್ಲಿ ಕಡತ ಉಳಿದೇ ಇರಬಹುದು. ಪಗಾರ ಚೀಟಿ, ಆಧಾರ್, ಪಾಸ್‌ಬುಕ್ ಫೋಟೊ ಯಾವ ಗ್ರೂಪಿನಲ್ಲೂ ಓಡಾಡಬಾರದು. ತಡವಾಗಿ ಬಂದವರ ಹೆಸರು ಹಾಕಿ ಮರ್ಯಾದೆ ತೆಗೆಯುವ ಸೂಪರ್‌ವೈಸರ್‌ಗೂ ಇದೇ ಮಾತು. ಒಮ್ಮೆ ಹಾಗಾದರೆ ಆಮೇಲೆ ಗ್ರೂಪಿನಲ್ಲಿ ಹೆಬ್ಬೆರಳೆತ್ತಿದ ಇಮೋಜಿ ಬಿಟ್ಟು ಬೇರೇನೂ ಬರುವುದಿಲ್ಲ.

ಭಟ್ಟಿ ಹತ್ತಿರ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನ್ ಮುಂದೆ ಫೋನ್ ಹಿಡಿಯುವಂತಿಲ್ಲ. ಸಂದೇಶ ಓದುವುದು ಚಹಾ ಹೊತ್ತಿಗೆ, ಇಲ್ಲವೇ ಪಾಳಿ ಬಿಟ್ಟ ಮೇಲೆ. ಅಪಘಾತ, ಅನಿಲ ಸೋರಿಕೆಯಂಥದ್ದಕ್ಕೆ ಸೈರನ್ ಮತ್ತು ಬಾಯಿಮಾತೇ ಗತಿ. ಖಾನಾಪುರದ ಕಾಡಂಚಿನ ಹಳ್ಳಿಗೆ ಹೋದವರಿಗೆ ನೆಟ್‌ವರ್ಕ್ ಸಿಗದಿರಬಹುದು, ಬಟನ್ ಫೋನಿನವರೂ ಇದ್ದೇ ಇರುತ್ತಾರೆ. ಆದ್ದರಿಂದ ಅದೇ ಪ್ರಕಟಣೆ ಪಂಚಿಂಗ್ ಮಷೀನ್ ಪಕ್ಕದ ಬೋರ್ಡಿಗೂ ಬರಲಿ, ಎರಡು ಮೀಟರ್ ದೂರದಿಂದ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ. ಕೆಲಸದ ವೇಳೆಯ ನೋಟಿಸನ್ನು ಕಣ್ಣಿಗೆ ಬೀಳುವಲ್ಲಿ ಹಚ್ಚಬೇಕೆನ್ನುವುದು 1948ರ ಕಾರ್ಖಾನೆ ಕಾಯ್ದೆಯಷ್ಟು ಹಳೆಯ ನಿಯಮ. ವಾಟ್ಸಾಪ್ ಬಂತೆಂದು ಬೋರ್ಡು ಇಳಿಸುವಂತಿಲ್ಲ.

ಇನ್ನು ಕೆಳಗಿನಿಂದ ಮೇಲೆ ಹೋಗುವ ಮಾತು. ಇಲ್ಲಿ ಈ ಸೌಲಭ್ಯ ಫೇಲ್. ಮತ ಕೇಳುವ ಪೋಲ್ ಇದೆ, 12 ಆಯ್ಕೆ ಕೊಡಬಹುದು. ಕ್ಯಾಂಟೀನಿನಲ್ಲಿ ಚಪಾತಿ ಬೇಕೋ ಜೋಳದ ರೊಟ್ಟಿ ಬೇಕೋ ಎನ್ನುವುದಕ್ಕೆ ಚಲೋ. ಆದರೆ ಸಾದಾ ಪೋಲ್‌ನಲ್ಲಿ ಯಾರು ಯಾವುದಕ್ಕೆ ಒತ್ತಿದರೆಂಬುದು ಕಾಣುತ್ತದೆ. ‘ಸೂಪರ್‌ವೈಸರ್ ಮಾತಾಡುವ ರೀತಿ ಹೆಂಗೈತಿ?’ ಎಂದು ಅದರಲ್ಲಿ ಕೇಳಿದರೆ ಎಲ್ಲರೂ ‘ಚಲೋ’ ಎನ್ನುತ್ತಾರೆ. ಅದನ್ನು ನಂಬಿ ಮಾಲೀಕರಿಗೆ ವರದಿ ಕೊಡುವವರೂ ಇದ್ದಾರೆ!

ಆ ಕೆಲಸಕ್ಕೆ ಕಟ್ಟಿಗೆಯ ಸಲಹೆ ಪೆಟ್ಟಿಗೆಯೇ ವಾಸಿ, ಇಡುವ ಜಾಗ ಸರಿ ಇದ್ದರೆ. ಮ್ಯಾನೇಜರ್ ಕ್ಯಾಬಿನ್ ಎದುರು, ಸಿಸಿಟಿವಿ ಕೆಳಗೆ ಇಟ್ಟ ಪೆಟ್ಟಿಗೆಯಲ್ಲಿ ಚಾಕಲೇಟ್ ಕಾಗದ ಮಾತ್ರ ಸಿಗುತ್ತದೆ. ಕುಡಿಯುವ ನೀರಿನ ಪಕ್ಕ ಇಡಿ, ದಾರ ಕಟ್ಟಿದ ಪೆನ್ನು, ಸಣ್ಣ ಚೀಟಿಯ ಕಟ್ಟು ಜೊತೆಗಿರಲಿ. ಎರಡು ಬೀಗ: ಒಂದರ ಕೀಲಿ ಆಫೀಸಿನಲ್ಲಿ, ಇನ್ನೊಂದು ಕಾಮಗಾರರ ಪ್ರತಿನಿಧಿ ಕೈಯಲ್ಲಿ. ವಾರಕ್ಕೊಮ್ಮೆ ಇಬ್ಬರೂ ಕೂಡಿ ತೆಗೆಯಬೇಕು. ಬರುವುದು ದೊಡ್ಡ ದೊಡ್ಡ ಬೇಡಿಕೆಯಲ್ಲ: ಸಂಡಾಸದ ಚಿಲಕ, ಹರಿದ ಕೈಗವಸು, ಧೂಳಿನ ಮಾಸ್ಕ್, ಓಟಿ (ಓವರ್‌ಟೈಮ್) ಲೆಕ್ಕದಲ್ಲಿ ಬಿಟ್ಟುಹೋದ ಎರಡು ತಾಸು. ಉತ್ತರವನ್ನು ಏಳು ದಿನದೊಳಗೆ ಪ್ರಕಟಣೆ ಗ್ರೂಪಿಗೂ ಬೋರ್ಡಿಗೂ ಹಾಕಿ: ‘ಆಯಿತು’, ‘ಆಗುವುದಿಲ್ಲ, ಕಾರಣ ಇದು’, ‘ಇಂಥ ತಾರೀಕಿಗೆ ಹೇಳುತ್ತೇವೆ’. ಆಗುವುದಿಲ್ಲ ಎಂದರೂ ನಡೆಯುತ್ತದೆ. ಸುಮ್ಮನಿದ್ದರೆ ಮುಂದಿನ ತಿಂಗಳು ಪೆಟ್ಟಿಗೆ ಖಾಲಿ. ಓಟಿಯಂಥ ಒಬ್ಬರದೇ ದೂರಿಗೆ ಉತ್ತರ ಅವರಿಗಷ್ಟೇ ಹೋಗಲಿ.

ಇಪ್ಪತ್ತು ಜನರ ಶೆಡ್‌ಗೆ ಇದಾವುದೂ ಬೇಡ, ಪಾಳಿ ಸುರುವಾಗುವ ಮುಂಚೆ ಮಾಲೀಕರು ಐದು ನಿಮಿಷ ನಿಂತು ಮಾತಾಡಿದರೆ ಸಾಕು. ಅದಕ್ಕಿಂತ ದೊಡ್ಡ ಘಟಕವಾದರೆ ಕಮ್ಯುನಿಟಿ ಮಾಡಿ, ಠೇಕೇದಾರನ ಜನರನ್ನೂ ಸೇರಿಸಿಯೇ ಮಾಡಿ. ಅವರ ಪಗಾರದ ಮಾತು ಠೇಕೇದಾರನ ಮೂಲಕ ಹೋಗಲಿ. ಪಾಳಿ, ನೀರು, ಸುರಕ್ಷತೆಯ ಸುದ್ದಿ ನೇರ ಅವರ ಫೋನಿಗೇ ಹೋಗಬೇಕು.