ಸೀಸದ ಪಾಟ್‌ಗೆ ಪಿಐಡಿ ಕಿಟ್: ಕಂಟ್ರೋಲರ್ ಇಟ್ಟುಕೊಳ್ಳಿ, ಪ್ರೋಬ್ ಬದಲಿಸಿ

ಬಿಸಿಯನ್ನು ಅಳೆದು ಹೀಟರನ್ನು ಹಿಡಿತದಲ್ಲಿಡುವ ರೆಕ್ಸ್-ಸಿ100 ಮಾದರಿಯ ಪಿಐಡಿ ಕಂಟ್ರೋಲರ್, 40 ಆಂಪ್ ಎಂದು ಬರೆದಿರುವ ಎಸ್‌ಎಸ್‌ಆರ್ (ಸಾಲಿಡ್ ಸ್ಟೇಟ್ ರಿಲೇ, ಹೀಟರನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್), ಪುಟ್ಟ ಹೀಟ್‌ಸಿಂಕ್, ಬಿಸಿ ಅಳೆಯುವ ಪ್ರೋಬ್ ಆದ ಕೆ-ಟೈಪ್ ಥರ್ಮೋಕಪಲ್. ಈ ನಾಲ್ಕೂ ಒಟ್ಟಿಗೆ ಬರುವ ಕಿಟ್ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ಮನೆಯಲ್ಲಿ ಸೀಸದ ಎರಕ ಹೊಯ್ಯುವವರಿಗೆ ಒಳ್ಳೆಯ ಖರೀದಿಯೇ. ಆದರೆ ಬಿಚ್ಚಿದ ತಕ್ಷಣ ಹಾಗೇ ಜೋಡಿಸುವ ಸಾಮಾನಲ್ಲ.

ಸೀಸ ಕರಗಿಸುವ ವಿದ್ಯುತ್ ಪಾಟ್‌ನ ಸ್ವಂತ ಥರ್ಮೋಸ್ಟಾಟ್ ನೋಡುವುದು ಹೊರಮೈಯ ಬಿಸಿಯನ್ನು, ಒಳಗಿನ ಸೀಸದ್ದನ್ನಲ್ಲ. ಪಾಟ್ ಅರ್ಧಕ್ಕಿಳಿದರೆ ಅದರ ಲೆಕ್ಕವೇ ಬದಲಾಗುತ್ತದೆ. ಶುದ್ಧ ಸೀಸ 327.5 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಎರಕಕ್ಕೆ 370ರಿಂದ 400 ಸಾಕು. ಅದರಾಚೆ ಸೀಸಕ್ಕೆ ಬೆರೆಸಿದ ತವರ ಬೇಗ ಆಕ್ಸೈಡ್ ಆಗಿ ಕಿಟ್ಟ ಹೆಚ್ಚುತ್ತದೆ. ಗುಜರಿ ಸೀಸದಲ್ಲಿ ಸತುವಿನ ತುಂಡು ಸೇರಿದ್ದರೆ 419.5ರಲ್ಲಿ ಅದೂ ಕರಗಿ ಇಡೀ ಪಾಟ್ ಕೆಡುತ್ತದೆ. ಅದಕ್ಕಿಂತ ಕೆಳಗೆ ನಿಲ್ಲಿಸಿದರೆ ಮೇಲೆ ತೇಲುವ ತುಂಡನ್ನು ಸೌಟಿನಲ್ಲಿ ತೆಗೆದುಬಿಡಬಹುದು. ಪಿಐಡಿಯ ನಿಜವಾದ ಲಾಭ ಇರುವುದು ಇಲ್ಲೇ.

ಕಿಟ್ ಕೈಗೆ ಬಂದ ಮೇಲೆ ಮೊದಲು ಕಂಟ್ರೋಲರ್‌ನ ಮೈಮೇಲಿನ ಕೋಡ್ ಓದಿ. ಕೊನೆಯ ಭಾಗ ‘ವಿ’ಯಿಂದ ಶುರುವಾದರೆ ಎಸ್‌ಎಸ್‌ಆರ್‌ಗೆ ಬೇಕಾದ ಡಿಸಿ ಪಲ್ಸ್ ಬರುತ್ತದೆ, ‘ಎಂ’ ಇದ್ದರೆ ಒಳಗೆ ಟಿಕ್ ಎನ್ನುವ ಯಾಂತ್ರಿಕ ರಿಲೇ, ಎಸ್‌ಎಸ್‌ಆರ್ ಜೊತೆ ನೇರವಾಗಿ ಕೆಲಸ ಮಾಡದು. ಎಸ್‌ಎಸ್‌ಆರ್ ಜೊತೆಗೇ ರಿಲೇ ಮಾದರಿ ಕಳಿಸುವುದು ಈ ಕಿಟ್‌ಗಳ ದೊಡ್ಡ ಹಣೆಬರಹ. ಅನುಮಾನವಿದ್ದರೆ ಸೆಟ್‌ಪಾಯಿಂಟ್ (ಕಂಟ್ರೋಲರ್‌ಗೆ ಕೊಡುವ ಬೇಕಾದ ತಾಪಮಾನ) ಏರಿಸಿ ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿಯಿರಿ: ಸುಮಾರು 12 ವೋಲ್ಟ್ ಡಿಸಿ ಕಾಣಬೇಕು. ಬರೀ ಟಿಕ್ ಎಂದರೆ ವಾಪಸ್ ಕಳಿಸಿ. ಟರ್ಮಿನಲ್ ಸಂಖ್ಯೆಗಳು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಪೆಟ್ಟಿಗೆಯ ಬದಿಯಲ್ಲಿ ಮುದ್ರಿಸಿದ ಚಿತ್ರವನ್ನೇ ನಂಬಿ.

ಥರ್ಮೋಕಪಲ್ ಮಾತ್ರ ಪಕ್ಕಕ್ಕಿಡಿ. ಎಂ6 ಬೋಲ್ಟ್ ತಲೆಯ ಆ ಪ್ರೋಬ್ ಕರಗಿದ ಸೀಸದಲ್ಲಿ ಮುಳುಗಿಸುವಂಥದ್ದಲ್ಲ, ಪಾಟ್‌ನ ಹೊರಗೆ ಬಿಗಿದರೆ ಹಳೆಯ ಕಥೆಯೇ ಮತ್ತೆ. ಸ್ಟೇನ್‌ಲೆಸ್ ಕವಚದ ಉದ್ದನೆಯ ಕೆ-ಟೈಪ್ ಪ್ರೋಬ್ ತಂದು, ತುದಿ ತಳದಿಂದ ಒಂದು ಸೆಂಟಿಮೀಟರ್ ಮೇಲೆ, ಗೋಡೆಗೆ ತಾಗದಂತೆ ನಿಲ್ಲಿಸಿ. ತಂತಿ ಅದಲುಬದಲಾದರೆ ಬಿಸಿ ಏರಿದಂತೆ ಅಂಕಿ ಇಳಿಯುತ್ತದೆ, ಹೀಟರ್ ಆಫ್ ಆಗುವುದೇ ಇಲ್ಲ. ಹಾಗಾಗಿ ಹೀಟರ್ ಜೋಡಿಸುವ ಮೊದಲೇ ಪ್ರೋಬನ್ನು ಬಿಸಿನೀರಿನಲ್ಲಿ ಅದ್ದಿ ನೋಡಿ, ಆಮೇಲೆ ಪೂರ್ತಿ ಒಣಗಿಸಿ. ಒದ್ದೆ ಪ್ರೋಬ್ ಕರಗಿದ ಸೀಸಕ್ಕೆ ಇಳಿದರೆ ನೀರು ಕ್ಷಣದಲ್ಲಿ ಆವಿಯಾಗಿ ಸೀಸವನ್ನು ಮೈಮೇಲೆ ಎರಚುತ್ತದೆ. ತಂತಿ ಉದ್ದ ಬೇಕಿದ್ದರೆ ಕೆ-ಟೈಪ್ ಎಕ್ಸ್‌ಟೆನ್ಷನ್ ಕೇಬಲ್ಲೇ ಬೇಕು. ತಾಮ್ರದ ತಂತಿ ಸೇರಿಸಿದರೆ ಓದು ತಪ್ಪುತ್ತದೆ.

ಎಸ್‌ಎಸ್‌ಆರ್ ಮೇಲಿನ 40 ಆಂಪ್ ಅಂಕಿಯನ್ನು ನಾನು ನಂಬುವುದಿಲ್ಲ. 230 ವೋಲ್ಟ್‌ನಲ್ಲಿ 1000 ವಾಟ್ ಪಾಟ್ ಎಳೆಯುವುದು 4.3 ಆಂಪ್ ಮಾತ್ರ, ಅಷ್ಟಕ್ಕೆ ಇದು ಧಾರಾಳ. ಆಗ ಹುಟ್ಟುವ ಶಾಖ ಸುಮಾರು 5 ವಾಟ್; ಕಿಟ್‌ನ ಹೀಟ್‌ಸಿಂಕ್ ಥರ್ಮಲ್ ಪೇಸ್ಟ್ ಹಚ್ಚಿ, ಪೆಟ್ಟಿಗೆಗೆ ಗಾಳಿಕಿಂಡಿ ಕೊಟ್ಟರೆ ಸಾಕಾಗುತ್ತದೆ. ಮರೆಯಬಾರದ್ದು ಇನ್ನೊಂದಿದೆ: ಎಸ್‌ಎಸ್‌ಆರ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಪಾಟ್ ಪೂರ್ತಿ ಉರಿಯುತ್ತಲೇ ಇರುತ್ತದೆ. ಅದಕ್ಕೇ ಹಳೆಯ ಥರ್ಮೋಸ್ಟಾಟನ್ನು ಕಿತ್ತುಹಾಕದೆ, ಬೇಕಾದ ಬಿಸಿಗಿಂತ ತುಸು ಮೇಲಕ್ಕಿಟ್ಟು ಸರಣಿಯಲ್ಲಿ ಉಳಿಸಿಕೊಳ್ಳಿ. ಫ್ಯೂಸ್, ಎರಡೂ ತಂತಿ ಕಡಿಯುವ ಸ್ವಿಚ್, ಪಾಟ್‌ನ ಮೈಗೆ ಅರ್ಥಿಂಗ್ ಇರಲೇಬೇಕು. ಆಫ್ ಇದ್ದಾಗಲೂ ಎಸ್‌ಎಸ್‌ಆರ್ ಮೂಲಕ ಕೆಲವು ಮಿಲಿಆಂಪ್ ಸೋರುತ್ತದೆ, ಆ ಸ್ವಿಚ್ ಬೇಕಾಗುವುದು ಅದಕ್ಕೇ.

ಕಂಟ್ರೋಲರ್ ತನ್ನ ಲೆಕ್ಕವನ್ನು ತಾನೇ ಹೊಂದಿಸಿಕೊಳ್ಳುವ ಆಟೋಟ್ಯೂನ್ ತಣ್ಣಗಿನ ಪಾಟ್‌ನಲ್ಲಿ ಬೇಡ. ಸೀಸ ಕರಗುವಾಗ ತಾಪಮಾನ ಏರದೆ ನಿಲ್ಲುವುದರಿಂದ ಲೆಕ್ಕ ತಪ್ಪುತ್ತದೆ. ಮುಕ್ಕಾಲು ಪಾಟ್ ಕರಗಿ 350 ದಾಟಿದ ಮೇಲೆ, ಸೆಟ್‌ಪಾಯಿಂಟ್ 380ರಲ್ಲಿಟ್ಟು, ಆಟೋಟ್ಯೂನ್ ಶುರುಮಾಡುವ ಎಟಿಯು ಪ್ಯಾರಾಮೀಟರನ್ನು 1 ಮಾಡಿ. ಸೈಕಲ್ ಸಮಯ (ಆನ್-ಆಫ್‌ನ ಒಂದು ಸುತ್ತಿನ ಅವಧಿ) 2 ಸೆಕೆಂಡ್ ಇರಲಿ. ಓದು ಸರಿಯೇ ಎಂದು ತಿಳಿಯಲು ಶುದ್ಧ ಸೀಸವನ್ನು ಆರಲು ಬಿಡಿ. ಅಂಕಿ ಒಂದೊಂದಾಗಿ ಇಳಿಯುತ್ತಾ ಒಂದು ಕಡೆ ನಿಂತುಬಿಡುತ್ತದೆ, ಅಷ್ಟರಲ್ಲಿ ಅಂಚಿನಿಂದ ಮೇಲ್ಮೈ ಮಂಕಾಗಿ ಗಟ್ಟಿಯಾಗುತ್ತಾ ಬರುತ್ತದೆ. ಆ ಅಂಕಿ 327 ಆಗಿರಬೇಕು. ಇಲ್ಲದಿದ್ದರೆ ವ್ಯತ್ಯಾಸವನ್ನು ಓದು ತಿದ್ದುವ ಎಸ್‌ಸಿ ಪ್ಯಾರಾಮೀಟರ್‌ನಲ್ಲಿ ತುಂಬಿ.

ಕೋಡ್ ಹುಡುಕುವ ತಲೆನೋವು ಬೇಡವೆನ್ನುವವರು ಇಂಕ್‌ಬರ್ಡ್ ಐಟಿಸಿ-106ವಿಎಚ್ ಕಂಟ್ರೋಲರನ್ನು ಬಿಡಿಯಾಗಿ ಕೊಂಡು, ಎಸ್‌ಎಸ್‌ಆರ್ ಮತ್ತು ಪ್ರೋಬ್ ಬೇರೆ ತರಿಸಬಹುದು. ಅದು ಎಸ್‌ಎಸ್‌ಆರ್‌ಗೆಂದೇ ಇರುವ ಮಾದರಿ, ಪ್ಯಾನೆಲ್‌ನಲ್ಲಿ ಬೇಕಾಗುವ ಕಿಂಡಿಯೂ ಅದೇ 45 ಮಿಲಿಮೀಟರ್ ಚೌಕ.